ಶ್ರೀ ಸಿಗಲಿಲ್ಲ

"ಈಕಿ ಬರೀ ಟೈಪ್ ಮಾಡ್ಯಾಳ್ರಿ."

ವಿಶ್ವಾರಾಧ್ಯ ಸರ ಪ್ರಿನ್ಸಿಪಾಲರ ಮುಂದ ಹಿಂಗಂದಾಗ ನಾ ಅಲ್ಲೇ ಬಾಗಲದಾಗ ನಿಂತಿದ್ದೆ. ಕೈಯಾಗ ಸುಡುಸುಡು ಚಾ ಇತ್ತು. ಆ ಚಾ ಅವರ ಮಾರಿ ಮ್ಯಾಲ ಯಾಕ ಉಗ್ಗಲಿಲ್ಲ ಅಂತ ಭಾಳ ದಿನ ನನ್ನ ನಾನೇ ಬೈಕೊಂಡೇನಿ. ಉಗ್ಗಿದ್ರ ಚಲೋ ಇರ್ತಿತ್ತು, ಖರೆ. ಆದ್ರ ಮುಂದ ಆಗಿದ್ದು ಅದಕ್ಕಿಂತ ಚಲೋ ಆತು. ಅದನ್ನ ಹೇಳಾಕಂತ ಕುಂತೇನಿ.

ನಾನು ಭಾಗ್ಯಜ್ಯೋತಿ. ಆಳಂದದಾಗ ಒಂದು ಖಾಸಗಿ ಡಿಗ್ರಿ ಕಾಲೇಜಿನಾಗ ಕಂಪ್ಯೂಟರ್ ಪಾಠ ಹೇಳ್ತೇನಿ. ಸಿಟ್ಟು ಜರಾ ಜಾಸ್ತಿ, ಅದನ್ನೇನು ಮುಚ್ಚಿಡೂದಿಲ್ಲ. ವಿಶ್ವಾರಾಧ್ಯ ಸರ ನಮ್ಮ ವಿಭಾಗದ ಮುಖ್ಯಸ್ಥರು. ದೊಡ್ಡ ಮೀಸಿ, ಎರಡೂ ಕಡೆ ತಿರುವಿ ನಿಲ್ಲಿಸಿದ್ದು. ಅವರು ಕಂಪ್ಯೂಟರ್ ಕಲಿತದ್ದು ಯಾವ ಕಾಲಕ್ಕೋ, ಮುಟ್ಟೂದು ಬಿಟ್ಟದ್ದೂ ಯಾವ ಕಾಲಕ್ಕೋ. ಈಗ ಅವರ ಕೆಲಸ ಅಂದ್ರ ಸಹಿ ಮಾಡೂದು, ಶಾಲು ಹೊದಿಸ್ಕೊಳ್ಳೂದು, ಫೋಟೋದಾಗ ನಡುವ ನಿಲ್ಲೂದು.

ನಾ ಮಾಡಿದ್ದೇನಪಾ ಅಂದ್ರ, ನಮ್ಮ ಮಂದಿ ಮಾತಾಡೂ ಮಾತು ಕೇಳಿ, ಹಂಗs ಬರಿಯೂ ಒಂದು ಯಂತ್ರ. ಫೋನಿನಾಗ ಅಂಥಾದ್ದು ಮೊದಲs ಅದ ಅಂತೀರಿ? ಅದ, ಆದ್ರ ಅದಕ್ಕ ನಮ್ಮ ಕನ್ನಡ ಬರೂದಿಲ್ಲ. ನಮ್ಮವ್ವ ಸುಮಿತ್ರಾಬಾಯಿ ಒಮ್ಮೆ ಫೋನಿಗೆ "ಬುತ್ತಿ ಕಟ್ಟಾಕತ್ತೇನಿ" ಅಂದ್ಲು. ಅದು "ಬುತ್ತಿ ಕಟ್ಟ ಕತ್ತೆ ನೀ" ಅಂತ ಬರೀತು. ಅವ್ವಗ ಓದಿ ಹೇಳಿದೆ. "ಏನಂತ? ನನಗ ಕತ್ತಿ ಅಂತದೇನ ಬೇ ಈ ಹಾಟ್ಯಾಂದು?" ಅಂತ ಫೋನು ಹಾಸಿಗಿ ಮ್ಯಾಲ ಒಗದ್ಲು. ನಕ್ಕು ನಕ್ಕು ನನ್ನ ಹೊಟ್ಟಿ ನೋವಾತು. ಆಮ್ಯಾಲ ಸಿಟ್ಟು ಬಂತು. ನಮ್ಮವ್ವನ ಮಾತು ಬರಿಯಾಕ ಬರದಿದ್ದಕ್ಕ ಅದಕ್ಯಾಕ ಅಷ್ಟು ದಿಮಾಕು ಅಂತ.

ಹಂಗಂತ ಕೆಲಸಕ್ಕ ಕುಂತೆ. ಸೂಟಿ ಇದ್ದಾಗೆಲ್ಲಾ ಬಸ್ಸು ಹತ್ತಿ ಅಫಜಲಪುರ ಕಡೆ ಹೋಗೂದು. ಅತನೂರ ನಮ್ಮೂರು, ಕರಜಗಿ ನಮ್ಮವ್ವನ ತವರುಮನಿ. ತೊಗರಿ ಹಸನ ಮಾಡಕೋತ ಕುಂತ ಹೆಣ್ಮಕ್ಕಳ ನಡುವ ಕುಂತು ಅವರ ಮಾತು ಹಿಡಕೊಂಡು ಬರೂದು. "ಸುಮಿತ್ರಾಬಾಯಿ ಮಗಳು ಕೇಳಾಕತ್ತಾಳ, ಮಾತಾಡ್ರಿ" ಅಂತ ಒಬ್ಬರಿಗೊಬ್ಬರು ಹೇಳಿ ಬಾಯಿ ತುಂಬ ಮಾತಾಡಿದ್ರು. ನೆಗೆಣ್ಣಿ ಜಗಳ, ಎಮ್ಮಿ ಕಳದದ್ದು, ಅತ್ತಿಗೆ ಬೈದದ್ದು, ಎಲ್ಲಾ. ಅವೆಲ್ಲಾ ತಂದು ಯಂತ್ರಕ್ಕ ಕಲಿಸಿದ್ದು ಒಂದು ನೋಟ್‌ಬುಕ್ಕಿನಾಗ.

ನೋಟ್‌ಬುಕ್ ಅಂದ್ರ ಕಾಗದದ್ದಲ್ರಿ. ಕಂಪ್ಯೂಟರಿನ ಪರದೆ ಮ್ಯಾಲ ಖಾನಿ ಖಾನಿ, ಅಂದ್ರ ಚೌಕ ಚೌಕ, ಇರ್ತಾವ, ಒಂದೊಂದರಾಗ ಒಂದೊಂದು ಕೆಲಸ ಬರದಿರ್ತದ. ಗುಂಡಿ ಒತ್ತಿದ್ರ ಆ ಖಾನಿ ನಡೀತದ, ಮುಗಿದ ಮ್ಯಾಲ ಬಾಜೂಕ ಹಸಿರು ಟಿಕ್ ಬೀಳ್ತದ. ನನ್ನ ನೋಟ್‌ಬುಕ್ಕಿನಾಗ ಮೊದಲನೇ ಖಾನಿ ಮೈಕಿನಾಗ ಬಂದ ಮಾತು ಹಿಡೀತದ. ಎರಡನೇದು ಆ ಮಾತನ್ನ ಯಂತ್ರಕ್ಕ ತಿಳಿಯೂ ಫೈಲ್ ಮಾಡಿ, ಫೋಲ್ಡರಿನಾಗ ಹಳೇ ಫೈಲಿನ ಜಾಗಾದಾಗ ಇಡ್ತದ. ಮೂರನೇದು ಆ ಫೈಲ್ ಕೇಳಿ ಕನ್ನಡದಾಗ ಬರೀತದ. ಇಷ್ಟೇ.

ಆ ಎರಡನೇ ಖಾನಿ ಒಳಗ ಮಾತ್ರ ಒಂದು ಗಮ್ಮತ್ತದ. ಆ ಕೆಲಸ ನೋಟ್‌ಬುಕ್ಕಿಗೆ ತಾನಾಗಿ ಬರೂದಿಲ್ಲ, ಹೊರಗಿನ ಆಳನ್ನ ಕರೀಬೇಕು. ಆ ಆಳಿಗೆ ಶೆಲ್ ಅಂತಾರ. ಸಾಲಿನ ಮುಂದ ಒಂದು ಆಶ್ಚರ್ಯ ಚಿಹ್ನೆ ಹಾಕಿದ್ರ ಆ ಸಾಲು ಅವನ ಕೈಗೆ ಹೋಗ್ತದ. ಅಂವ ಬರದದ್ದನ್ನ ಬರದಂಗs ಓದಿ ಮಾಡ್ತಾನ, ಆಗಲಿಲ್ಲಂದ್ರ ಕೆಳಗ ಒಂದೆರಡು ಸಾಲು ಒದರಿ ಹೋಗಿಬಿಡ್ತಾನ. ಅಂವ ಒದರಿದ್ರೂ ನೋಟ್‌ಬುಕ್ಕಿಗೆ ಹತ್ತೂದಿಲ್ಲ. ಆಳಿಗೆ ಹೇಳೇನಿ, ನನ್ನ ಕೆಲಸ ಮುಗೀತು ಅಂತ ಹಸಿರು ಟಿಕ್ ಹಾಕಿ ಮುಂದ ಹೋಗ್ತದ. ಥೇಟ್ ವಿಶ್ವಾರಾಧ್ಯ ಸರ ಇದ್ದಂಗ.

ಎಲ್ಲಾ ಮುಗಿದ ದಿನ ಕಡೀ ಪರೀಕ್ಷಾಕ್ಕ ನಮ್ಮವ್ವನ್ನ ಕುಂದ್ರಿಸಿದೆ. "ಏನರೆ ಮಾತಾಡವ್ವ" ಅಂದೆ. ಆಕಿ ಊಟಕ್ಕ ಕರದು ಕರದು ಸಾಕಾಗಿದ್ಲು. ಮೈಕಿಗೆ ಬಾಯಿ ಹಚ್ಚಿ ನನಗs ಬೈದ್ಲು. ಯಂತ್ರ ಒಂದಕ್ಷರ ತಪ್ಪದ ಬರೀತು. ಆ ಬೈಗುಳದ ಫೈಲು ಹಂಗs ಫೋಲ್ಡರಿನಾಗ ಉಳೀತು. ಫೋಲ್ಡರಿಗೆ ‘ಅವ್ವನಮಾತು’ ಅಂತ ಹೆಸರಿಟ್ಟಿದ್ದೆ.

ಇದನ್ನ ಸರಗ ತೋರಿಸಿದೆ. ತೋರಿಸಲೇಬೇಕಲ್ಲ, ಮುಖ್ಯಸ್ಥರು. "ಭೇಷ್ ಭೇಷ್, ಒಂದು ಕಾಪಿ ಕೊಡ್ರಿ, ಪ್ರಿನ್ಸಿಪಾಲರಿಗೆ ತೋರಿಸ್ತೇನಿ" ಅಂದ್ರು. ಪರದೆ ಮ್ಯಾಲಿನ ಹಳೆ ಬರಹ ಎಲ್ಲಾ ಅಳಿಸಿ, ಸಾಫ್ ಮಾಡಿ, ಫೋಲ್ಡರ್ ಸಮೇತ ಕೊಟ್ಟೆ. ಮುಂದಿನ ವಾರ ಕಾಲೇಜಿನ ಗೋಡಿ ಮ್ಯಾಲ ಬ್ಯಾನರ್ ಬಂತು. ಕಲಬುರಗಿಯಿಂದ ತಜ್ಞರ ಸಮಿತಿ ಬರ್ತದ, ಪ್ರಮಿಲಾ ಮೇಡಂ ಅಧ್ಯಕ್ಷರು, ಯಂತ್ರ ಅವರಿಗೆ ಪಸಂದ್ ಬಿದ್ರ ಮಾಡಿದವರ ಕೈಲೇ ಎಲ್ಲಾ ತಾಲೂಕಿನಾಗ ಆ ಕೆಲಸ ನಡಸ್ತಾರ. ಕೆಳಗ ದೊಡ್ಡ ಅಕ್ಷರದಾಗ: ‘ಆವಿಷ್ಕಾರ, ಡಾ. ವಿಶ್ವಾರಾಧ್ಯ’. ನನ್ನ ಹೆಸರು ಎಲ್ಲೂ ಇರಲಿಲ್ಲ. ಕೆಳಗಿನ ಮೂಲ್ಯಾಗ ಪ್ರಿಂಟಿಂಗ್ ಪ್ರೆಸ್ಸಿನವರ ಹೆಸರು ಸುದ್ದಾ ಇತ್ತು, ನಂದಿರಲಿಲ್ಲ.

ಕೇಳಾಕಂತ ಪ್ರಿನ್ಸಿಪಾಲ ನಂದಕಿಶೋರ ಸರ ಕಡೆ ಹೋದಾಗs ಆ ಚಾದ ಕಪ್ಪು ಕೈಯಾಗ ಇದ್ದದ್ದು. ನಾ ಬಾಯಿ ತೆರಿಯೂದ್ರಾಗ ವಿಶ್ವಾರಾಧ್ಯ ಸರ ನನ್ನ ಕಡೆ ಕೈ ಮಾಡಿ ಆ ಮಾತು ಅಂದ್ರು. ಪ್ರಿನ್ಸಿಪಾಲರು ನಕ್ಕು, "ಟೈಪಿಂಗೂ ಭಾಳ ಮುಖ್ಯರಿ ಮೇಡಂ" ಅಂದ್ರು. ನನಗ ಅಡಿಯಿಂದ ಮುಡಿತನ ಬೆಂಕಿ ಹತ್ತಿತು. ಅತನೂರ ಬಿಸಲಾಗ ಕುಂತು ಮಾತು ಕೂಡಿಸಿದಾಕಿ ನಾ, ಕಣ್ಣು ಕೆಂಪಗ ಮಾಡಿಕೊಂಡಾಕಿ ನಾ, ಈ ಮೀಸಿ ತಿರುವುವ ಅಂವ ಆವಿಷ್ಕಾರ ಮಾಡಿದನಂತ, ನಾ ಟೈಪ್ ಮಾಡಿದೆನಂತ. ಇವರನ್ನ ಬಿಡಬಾರದು ಅಂತ ಅವತ್ತೇ ನಿಕ್ಕಿ ಮಾಡಿದೆ. ಹೆಂಗ ಅನ್ನೂದು ಮಾತ್ರ ತಿಳೀಲಿಲ್ಲ.

ಅದನ್ನ ಅವರೇ ತಂದು ಕೈಗೆ ಕೊಟ್ರು.

ಸಮಿತಿ ಬರೂ ಮುಂಚಿನ ದಿನ ಲ್ಯಾಬಿಗೆ ಕರದ್ರು. "ಮೇಡಂ, ಸ್ಲೈಡಿನ ಅಕ್ಷರ ಸಣ್ಣ ಆಗ್ಯಾವ, ಜರಾ ದೊಡ್ಡ ಮಾಡಿಕೊಡ್ರಿ." ಮತ್ತ ಟೈಪಿಂಗು. ಹಲ್ಲು ಕಡಕೊಂಡು ಕುಂತೆ. ಅವರ ಲ್ಯಾಪ್‌ಟಾಪಿನಾಗ ನನ್ನ ನೋಟ್‌ಬುಕ್ಕು ತೆರದಿತ್ತು. ಮ್ಯಾಲ ನನ್ನ ಹೆಸರಿನ ಜಾಗಾದಾಗ ಅವರ ಹೆಸರು. ಅದರ ಕೆಳಗ ಫೋಲ್ಡರಿನ ಹೆಸರು. ‘ಅವ್ವನಮಾತು’ ಹೋಗಿತ್ತು. ಅಲ್ಲಿ ಹಿಂಗ ಇತ್ತು:

||ಶ್ರೀ||

ಸರಗ ಒಂದು ಚಾಳಿ ಅದ. ||ಶ್ರೀ|| ಬರೀದ ಯಾವುದೂ ಚಾಲೂ ಮಾಡೂದಿಲ್ಲ. ಲಗ್ನಪತ್ರಿಕಿ ಮ್ಯಾಲ, ಅಂಗಡಿ ಬೋರ್ಡಿನ ಮ್ಯಾಲ ಎಲ್ಲಾರೂ ಹಾಕ್ತಾರ, ನಮ್ಮಪ್ಪನೂ ಹಾಕ್ತಿದ್ದ, ಅದಕ್ಕೇನು ಬೇಶಕ್ ಹಾಕಲಿ. ಸರ ಪ್ರಶ್ನೆಪತ್ರಿಕಿಗೂ ಹಾಕ್ತಾರ, ರಜಾ ಚೀಟಿಗೂ ಹಾಕ್ತಾರ. ಲ್ಯಾಬಿನ ಪಾಯಖಾನಿ ಬಾಗಲಕ್ಕ "||ಶ್ರೀ|| ನೀರು ಸುರುವಿ ಹೊರಗ ಬರ್ರಿ" ಅಂತ ಅವರೇ ಬರದು ಅಂಟಿಸ್ಯಾರ. ಈಗ ನನ್ನ ಫೋಲ್ಡರಿಗೂ ಹಾಕಿದ್ರು. ಕದ್ದ ಮಾಲಿಗೆ ಪೂಜಿ.

ಆ ಎರಡು ನಿಂತ ಗೆರಿ ನೋಡಿದ ಕೂಡ್ಲೆ ನಾ ಕುರ್ಚಿ ಮುಂದ ಎಳಕೊಂಡೆ. ನಮಗದು ಶುಭ. ಆದ್ರ ಶೆಲ್ ಅನ್ನೂ ಆ ಆಳಿಗೆ ಅದು ಶುಭ ಅಲ್ಲ, ಹುಕುಂ. ಎರಡು ನಿಂತ ಗೆರಿ ಕಂಡ್ರ ಅಂವ ತಿಳಕೊಳ್ಳೂದು ಇಷ್ಟು: ‘ಹಿಂದಿನ ಕೆಲಸ ಕೆಟ್ಟರ, ಮುಂದಿನದು ಮಾಡು’. ಅಂದ್ರ ಅಂವ ಫೋಲ್ಡರಿನ ಹೆಸರು ಪೂರಾ ಓದೂದಿಲ್ಲ. ಗೆರಿ ತನಕ ಓದಿ ಅಲ್ಲೇ ಎಡವಿ ಬೀಳ್ತಾನ. ಎದ್ದು, ಶ್ರೀ ಅನ್ನೂ ಹೆಸರಿನ ಯಾವುದೋ ಕೆಲಸ ಅದಂತ ತಿಳದು ಹುಡುಕ್ತಾನ, ಸಿಗೂದಿಲ್ಲ. ಮೈಕಿನ ಮಾತು ಫೈಲ್ ಆಗೂದs ಇಲ್ಲ.

ಆದ್ರ ಮೂರನೇ ಖಾನಿ ಇವನ ಕೈಯಾಗ ಇಲ್ಲ. ಅದಕ್ಕ ಗೆರಿಗಿರಿ ಏನೂ ತೊಂದ್ರಿ ಇಲ್ಲ. ಅದು ಸೀದಾ ಫೋಲ್ಡರಿಗೆ ಹೋಗಿ ಅಲ್ಲಿ ಯಾವ ಫೈಲ್ ಅದನೋ ಅದನ್ನ ಕೇಳಿ ಬರೀತದ. ಅಲ್ಲಿ ಇರೂದು ಯಾವ ಫೈಲು? ನಮ್ಮವ್ವನ ಬೈಗುಳದ್ದು. ನಾಳಿ ಯಾರು ಏನು ಮಾತಾಡಿದ್ರೂ ಪರದೆ ಮ್ಯಾಲ ಬರೂದು ನಮ್ಮವ್ವನ ಮಾತು.

ಸರ ನನ್ನ ಮುಂದs ಎರಡು ಖಾನಿ ನಡಸಿ ತೋರಿಸಿದ್ರು. "ನೋಡ್ರಿ, ಹಸಿರು, ಹಸಿರು. ಮೂರನೇದು ಈಗ ಒತ್ತೂದು ಬ್ಯಾಡ. ಉದ್ಘಾಟನಿ ಪ್ರಮಿಲಾ ಮೇಡಂ ಕೈಲೆ ಆಗಬೇಕು, ಮೊದಲs ಒತ್ತಿದ್ರ ಅಪಶಕುನ."

ಎರಡನೇ ಖಾನಿ ಕೆಳಗ ಸಣ್ಣ ಅಕ್ಷರದಾಗ ಶೆಲ್ ಒದರಿದ್ದು ಚಂದಾಗಿ ಕಾಣ್ತಿತ್ತು. ‘ಶ್ರೀ: ನಾಟ್ ಫೌಂಡ್’. ಶ್ರೀ ಸಿಗಲಿಲ್ಲ.

ನಾ ಕೆಟ್ಟಾಕಿ ಇರಬಹುದು, ಆದ್ರೂ ಒಂದು ಅವಕಾಶ ಕೊಟ್ಟೆ. "ಸರ, ಹಸಿರು ಟಿಕ್ ಖರೆ ಅದ, ಆದ್ರ ಅದರ ಕೆಳಗ ಏನೋ ಬರದದಲ್ರಿ?"

ಸರ ಅದರ ಕಡೆ ನೋಡಲೂ ಇಲ್ಲ. "ಅದೆಲ್ಲಾ ಒಳಗಿಂದು, ನಿಮಗ ತಿಳಿಯೂದಿಲ್ಲ. ನೀವು ಅಕ್ಷರ ದೊಡ್ಡ ಮಾಡ್ರಿ."

"ಆತ್ರಿ ಸರ" ಅಂದೆ. ಅಕ್ಷರ ದೊಡ್ಡ ಮಾಡಿದೆ. ಭಾಳ ದೊಡ್ಡ ಮಾಡಿದೆ. ಮೂರನೇ ಖಾನಿಯಾಗ ಬರೂ ಅಕ್ಷರನೂ ಕೂಡೇ ದೊಡ್ಡ ಮಾಡಿದೆ, ಹಿಂದಿನ ಸಾಲಿನವರಿಗೂ ಕಾಣಲಿ ಅಂತ.

ಮನಿಗೆ ಹೋಗಿ ಅವ್ವಗ ಹೇಳಿದೆ. "ನಾಳಿ ನಿನ್ನ ಮಾತು ಎಲ್ಲಾರಿಗೂ ತೋರಿಸ್ತಾರವ್ವ." ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿದ್ಲು. "ನಾ ಏನಂದಿದ್ದೆ ಬೇ?" ನಾ ನೆನಪು ಮಾಡಿಕೊಟ್ಟೆ. ಆಕಿ ಸೆರಗು ಬಾಯಿಗೆ ಹಿಡಕೊಂಡು, "ಅಯ್ ಯವ್ವಾ, ಖರೇನಾ?" ಅಂದ್ಲು. ಆಮ್ಯಾಲ ಇಬ್ಬರೂ ಕೂಡಿ ನಕ್ಕಿವಿ. ಭಾಳ ದಿನದ ಮ್ಯಾಲ ಅವತ್ತು ನಾ ಹೊಟ್ಟಿ ತುಂಬ ಉಂಡೆ.

ಮರುದಿನ ಸಭಾಭವನ ತುಂಬಿತ್ತು. ವೇದಿಕಿ ಮ್ಯಾಲ ಪ್ರಮಿಲಾ ಮೇಡಂ, ಪ್ರಿನ್ಸಿಪಾಲರು, ಅವರ ನಡುವ ಸರ. ಮೀಸಿಗೆ ಎಣ್ಣಿ ಹಚ್ಚಿ ಬಂದಿದ್ರು. ಪ್ರೊಜೆಕ್ಟರ್ ನೋಡಿಕೊಳ್ಳಾಂವ ನಮ್ಮ ಲ್ಯಾಬಿನ ಮುಕ್ರಮ. ನಾ ಮೊದಲನೇ ಸಾಲಿನಾಗ ತುದೀಗೆ ಕುಂತಿದ್ದೆ. ಸರ ಭಾಷಣ ಚಾಲೂ ಮಾಡಿದ್ರು. ಹಳ್ಳಿ ಹಳ್ಳಿ ತಿರುಗಿದೆ ಅಂದ್ರು, ತಾಯಂದಿರ ಕೂಡ ನೆಲದ ಮ್ಯಾಲ ಕುಂತೆ ಅಂದ್ರು. ಅತನೂರ ಯಾವ ದಿಕ್ಕಿಗದ ಅಂತ ಕೇಳಿದ್ರ ಗೊತ್ತಿರಲಿಲ್ಲ ಅವರಿಗೆ. ಕಡೀಕ, "ನಮ್ಮ ವಿಭಾಗದ ಮೇಡಂನೂ ಟೈಪಿಂಗ್ ಮಾಡಿ ಸಹಾಯ ಮಾಡ್ಯಾರ" ಅಂದ್ರು. ಮಂದಿ ಚಪ್ಪಾಳಿ ಹೊಡದ್ರು. ನಾ ಎದ್ದು ನಿಂತು ಕೈ ಮುಗಿದೆ.

ಪ್ರಮಿಲಾ ಮೇಡಂ ಮೈಕ್ ಹಿಡಕೊಂಡು ತಿದ್ದಿ ತೀಡಿದ ಕನ್ನಡದಾಗ ಹೇಳಿದ್ರು: "ಎಲ್ಲರಿಗೂ ನಮಸ್ಕಾರ. ಇಂತಹ ಒಳ್ಳೆಯ ಕೆಲಸವನ್ನು ನೋಡಿ ನನಗೆ ಸಂತೋಷವಾಗಿದೆ."

ಸರ ಮೊದಲನೇ ಖಾನಿ ಒತ್ತಿದ್ರು, ಹಸಿರು. ಎರಡನೇದು ಒತ್ತಿದ್ರು, ಹಸಿರು. ಮೂರನೇದನ್ನ ಮೇಡಂ ಬೆರಳಿಲೆ ಒತ್ತಿಸಿದ್ರು. ಪರದೆ ಮ್ಯಾಲ ನನ್ನ ದೊಡ್ಡ ದೊಡ್ಡ ಅಕ್ಷರ ಮೂಡಿದವು:

‘ಬೇ ಭಾಗ್ಯಾ, ರೊಟ್ಟಿ ಆರಿ ಕಟಗಿ ಆಗ್ಯಾವ. ಇದರ ಮುಂದ ಕುಂತು ಕಣ್ಣ ಕಳಕೋ ನೀ. ಆಮ್ಯಾಲ ಆ ಮೀಸಿ ಮಾಸ್ತರ ಬಂದು ನಂದs ಅಂತ ಎತಗೊಂಡ ಹೋಗ್ತಾನ, ನೋಡಕೋತ ಇರು.’

ಹಿಂದಿನ ಸಾಲಿನಾಗ ಯಾರೋ ಒಬ್ಬರು ಕಿಸಕ್ ಅಂದ್ರು, ಅಷ್ಟೇ, ಇಡೀ ಸಭಾಭವನ ಬಿದ್ದು ಬಿದ್ದು ನಗಾಕತ್ತಿತು.

"ಮಿಷಿನ್ ಜರಾ ಗರಂ ಆಗ್ಯಾದರಿ, ಇನ್ನೊಮ್ಮೆ ಮಾತಾಡ್ರಿ ಮೇಡಂ" ಅಂದ್ರು ಸರ. ಮೇಡಂ ಮತ್ತ ಮಾತಾಡಿದ್ರು. ಮತ್ತ ರೊಟ್ಟಿ, ಮತ್ತ ಮೀಸಿ ಮಾಸ್ತರ. ಪ್ರಿನ್ಸಿಪಾಲರು ಮೈಕ್ ಕಸಗೊಂಡು "ಹಲೋ, ಹಲೋ, ಟೆಸ್ಟಿಂಗ್" ಅಂದ್ರು. ರೊಟ್ಟಿ ಆರಿ ಕಟಗಿ ಆಗ್ಯಾವ. ಸರ ತಾವೇ ಗಂಟಲು ಸರಿ ಮಾಡಿಕೊಂಡು ಏನೋ ಅಂದ್ರು. ಮೀಸಿ ಮಾಸ್ತರ ಬಂದು ಎತಗೊಂಡ ಹೋಗ್ತಾನ. ಬಾಜೂಕ ಎಲ್ಲಾ ಹಸಿರು ಟಿಕ್ ಚಂದಾಗಿ ಹೊಳೀತಿದ್ದವು. ಮುಕ್ರಮ ಪ್ರೊಜೆಕ್ಟರಿನ ಹಿಂದ ಮಾರಿ ಮುಚ್ಚಿಕೊಂಡು ಕುಂತಿದ್ದ, ಬೆನ್ನು ಮಾತ್ರ ಅಲಗಾಡ್ತಿತ್ತು.

ಪ್ರಮಿಲಾ ಮೇಡಂ ನಗಲಿಲ್ಲ. ಅವರು ಒಮ್ಮೆ ಸರ ಮೀಸಿ ಕಡೆ, ಒಮ್ಮೆ ಪರದೆ ಕಡೆ ನೋಡಿ ಕೇಳಿದ್ರು, "ಈ ಭಾಗ್ಯಾ ಅಂದ್ರೆ ಯಾರು?"

ಸರ ವೇದಿಕಿ ಅಂಚಿಗೆ ಬಂದು ನನಗ ಸಣ್ಣ ದನಿಲೆ, "ಬರ್ರಿ ಮೇಡಂ, ಜಲ್ದಿ. ಏನಾಗ್ಯಾದ ನೋಡ್ರಿ" ಅಂದ್ರು.

ಈ ಗಳಿಗಿ ಸಲುವಾಗಿ ನಾ ಬದುಕಿದ್ದೆ ಅಂದ್ರೂ ತಪ್ಪಿಲ್ಲ. ನಿಧಾನಕ್ಕ ಸೀರಿ ನಿರಿಗಿ ಸರಿ ಮಾಡಿಕೊಂಡೆ, ನಿಧಾನಕ್ಕ ಮೆಟ್ಟಲ ಹತ್ತಿದೆ, ಮೈಕಿನ ಮುಂದ ನಿಂತು ಎಲ್ಲಾರಿಗೂ ಕೇಳೂ ಹಂಗ ಅಂದೆ:

"ಹೇಳ್ರಿ ಸರ. ಏನು ಟೈಪ್ ಮಾಡ್ಲಿ?"

"ಅದೇ... ಅದನ್ನ ಸರಿ ಮಾಡ್ರಿ."

"ನಾ ಬರೀ ಟೈಪ್ ಮಾಡಾಕಿ ಸರ. ಸರಿ ಮಾಡೂದು ಆವಿಷ್ಕಾರ ಮಾಡಿದವರ ಕೆಲಸ. ಯಾವ ಖಾನಿ, ಯಾವ ಸಾಲು, ಏನು ಹಾಕಬೇಕು, ನೀವು ಹೇಳ್ರಿ. ನಾ ಟೈಪ್ ಮಾಡ್ತೇನಿ."

ಕುರ್ಚಿ ಎಳಕೊಂಡು ಕುಂತು ಕೀಬೋರ್ಡಿನ ಮ್ಯಾಲ ಕೈ ಇಟ್ಟೆ. ಕಾದೆ. ಎಲ್ಲಾರೂ ಕಾದ್ರು. ಸರ ಪರದೆ ಕಡೆ ನೋಡಿದ್ರು, ಹಸಿರು ಟಿಕ್ ಬಿಟ್ರ ಅವರಿಗೇನೂ ಕಾಣಲಿಲ್ಲ. ಹಣಿ ಮ್ಯಾಲಿನ ವಿಭೂತಿ ಬೆವರಿಗೆ ಇಳಿಯಾಕತ್ತಿತು. ಬಗ್ಗಿ ನನ್ನ ಕಿವ್ಯಾಗ, "ಭಾಗ್ಯಾ, ನಿನ್ನ ಕಾಲಿಗೆ ಬೀಳ್ತೇನಿ, ಮಾನ ಕಳೀಬ್ಯಾಡ. ನಿನ್ನ ಹೆಸರು ಎರಡನೇದಾಗಿ ಹಾಕಿಸ್ತೇನಿ" ಅಂದ್ರು.

ಎರಡನೇದಾಗಿ! ಅಷ್ಟೊತ್ತಿಗೆ ನನಗ ಎಲ್ಲೋ ಒಂದಿಷ್ಟು ಕನಿಕರ ಬರಾಕತ್ತಿತ್ತು, ಅದೂ ಹೋತು.

"ಮೇಡಂ," ಅಂತ ಪ್ರಮಿಲಾ ಮೇಡಂ ಕಡೆ ತಿರುಗಿದೆ. "ಭಾಗ್ಯಾ ಅಂದ್ರ ನಾನು. ಬೈದಾಕಿ ನಮ್ಮವ್ವ. ಯಂತ್ರ ಕೆಟ್ಟಿಲ್ಲ, ಸರ ಫೋಲ್ಡರಿನ ಹೆಸರು ಬದಲಿ ಮಾಡ್ಯಾರ, ಅದಕ್ಕ ಹೊಸ ಮಾತು ಒಳಗ ಹೋಗವಲ್ದು, ಹಳೇದನ್ನs ಬರಿಯಾಕತ್ತದ. ಇಲ್ಲಿ ನೋಡ್ರಿ, ‘ಶ್ರೀ ಸಿಗಲಿಲ್ಲ’ ಅಂತ ನಿನ್ನಿಯಿಂದ ಬರದದ. ಸರಗ ತೋರಿಸಿದೆ. ನಿಮಗ ತಿಳಿಯೂದಿಲ್ಲ ಅಂದ್ರು."

ಮೇಡಂ ಬಗ್ಗಿ ಓದಿದ್ರು. ಅವರ ತುಟಿ ತುದೀಗೆ ನಗಿ ಬಂದು ಹೋತು. "ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಈಗ ಆಗ್ತದರಿ."

ಎರಡನೇ ಖಾನಿಯೊಳಗ ಫೋಲ್ಡರಿನ ಹೆಸರು ಬಂದ ಕಡೆ ಹಿಂದ ಮುಂದ ಉದ್ಧರಣ ಚಿಹ್ನಿ ಹಾಕಿದೆ. ಅವು ಇದ್ರ ಶೆಲ್ಲು ಒಳಗಿನ ಗೆರಿಗೆ ಹೆದರೂದಿಲ್ಲ, ಪೂರಾ ಹೆಸರು ಅಂತ ತಿಳಕೋತಾನ. ಶ್ರೀಯನ್ನ ತೆಗೀಲಿಲ್ಲ. ಶ್ರೀ ನನಗೇನು ಮಾಡ್ಯಾದ? ಆಮ್ಯಾಲ ಮೈಕ್ ತಗೊಂಡು ಸರ ಮಾರಿ ಮುಂದ ಹಿಡಿದೆ.

"ಒಂದು ಸಾಲು ಮಾತಾಡ್ರಿ ಸರ. ಇದನ್ನ ಮಾಡಿದವರು ಯಾರು ಅಂತ ಹೇಳ್ರಿ. ಪರೀಕ್ಷಾ ಮಾಡೂಣು."

ಸರ ಮೈಕಿಗೆ ಬಗ್ಗಿದ್ರು. "ಇದನ್ನ ನಮ್ಮ ವಿಭಾಗದವರು ಎಲ್ಲಾರೂ ಕೂಡಿ ಮಾಡಿದ್ದು" ಅಂದ್ರು. ಖಾನಿ ಒತ್ತಿದೆ. ಪರದೆ ಮ್ಯಾಲ ಅಕ್ಷರಕ್ಕ ಅಕ್ಷರ ಹಂಗs ಬಂತು. ಮಂದಿ ಚಪ್ಪಾಳಿ ಹೊಡದ್ರು. ಸರಗ ಜೀವ ಬಂದಂಗ ಆತು, ಕರ್ಚೀಪ್ ತಗದು ಹಣಿ ಒರಸ್ಕೊಂಡ್ರು.

"ಯಂತ್ರ ಬರೋಬ್ಬರಿ ಅದರಿ," ಅಂದೆ. "ವಾಕ್ಯ ತಪ್ಪದ. ಇನ್ನೊಮ್ಮೆ ಹೇಳ್ರಿ."

ಸರ ಪ್ರಿನ್ಸಿಪಾಲರ ಕಡೆ ನೋಡಿದ್ರು. ಪ್ರಿನ್ಸಿಪಾಲರು ಎದುರಿನ ಹೂದಾನಿ ನೋಡಾಕತ್ತಿದ್ರು. ಪ್ರಮಿಲಾ ಮೇಡಂ ಕೈ ಕಟ್ಟಿ ಕುಂತಿದ್ರು, "ಹೇಳಿ, ಹೇಳಿ" ಅಂದ್ರು.

ಸರ ಬಾಯಾಗ ಏನೋ ಗುಣುಗುಣು ಅಂದ್ರು. "ಜೋರಾಗಿ ಸರ," ಅಂದೆ. "ಅತನೂರ ಹೆಣ್ಮಕ್ಕಳು ಭಾಳ ಜೋರಾಗಿ ಮಾತಾಡಿದ್ರು. ಯಂತ್ರಕ್ಕ ಅದೇ ರೂಢಿ ಆಗ್ಯಾದ."

ಆವಾಗ ಅಂದ್ರು. ಖಾನಿ ಒತ್ತಿದೆ. ಪರದೆ ತುಂಬ ಬಂತು:

‘ಇದನ್ನ ಮಾಡಿದಾಕಿ ಭಾಗ್ಯಜ್ಯೋತಿ. ನಾ ಅಲ್ಲ.’

ಯಾರೂ ನಗಲಿಲ್ಲ. ನಾ ಆ ಸಾಲನ್ನ ಓದಿದೆ, ಮತ್ತೊಮ್ಮೆ ಓದಿದೆ. ಕಣ್ಣಾಗ ನೀರು ಬಂತು, ಬರಲಿ ಅಂತ ಬಿಟ್ಟೆ. ಪ್ರಮಿಲಾ ಮೇಡಂ ಎದ್ದು ಬಂದು ನನ್ನ ಬಾಜೂಕ ನಿಂತು, "ಮುಂದಿನ ಕೆಲಸ ನೀವೇ ನಡೆಸ್ತೀರಿ, ನಿಮ್ಮ ಹೆಸರಿನಲ್ಲೇ" ಅಂತ ಮೈಕಿನಾಗs ಹೇಳಿದ್ರು.

ಮಂದಿ ಎಲ್ಲಾ ಊಟಕ್ಕ ಎದ್ರು. ಸರ ಲ್ಯಾಪ್‌ಟಾಪ್ ಬಿಟ್ಟು ಹಿಂದಿನ ಬಾಗಲದಿಂದ ಹೋದ್ರು. "ಬಂದ್ ಮಾಡ್ಲೇನ್ರಿ ಮೇಡಂ?" ಅಂತ ಮುಕ್ರಮ ಕೇಳಿದ. "ಜರಾ ತಡಿಯಪಾ" ಅಂದೆ. ಎರಡನೇ ಖಾನಿಗೆ ಹೋದೆ. ನಾ ಹಾಕಿದ ಉದ್ಧರಣ ಚಿಹ್ನಿ ಅಷ್ಟೂ ಅಳಿಸಿದೆ. ಸೇವ್ ಮಾಡಿ ಮುಚ್ಚಿದೆ.

ಸಂಜಿಕ ಅವ್ವಗ ಎಲ್ಲಾ ಹೇಳಿದೆ. "ಕಡೀಕ ಚಿಹ್ನಿ ಅಳಿಸಿ ಬಂದೇನವ್ವ. ಫೋಲ್ಡರಿನಾಗ ಈಗ ಇರೂದು ಸರ ಕಡೀಕ ಅಂದ ಮಾತಿನ ಫೈಲು. ಇನ್ನ ಅವರ ಕಾಪಿ ಮುಂದ ಯಾರು ಏನು ಮಾತಾಡಿದ್ರೂ, ಅವರs ಭಾಷಣ ಬಿಗಿದ್ರೂ, ಅದು ಬರಿಯೂದು ಒಂದs ಸಾಲು. ಇದನ್ನ ಮಾಡಿದಾಕಿ ಭಾಗ್ಯಜ್ಯೋತಿ, ನಾ ಅಲ್ಲ."

ಅವ್ವ ರೊಟ್ಟಿ ತಿರುವಿ ಹಾಕಿದ್ಲು. "ಅಲ್ಲ ಬೇ, ಅಂವ ಅದನ್ನ ಸರಿ ಮಾಡಿಕೊಂಡ್ರ?"

"ಸರಿ ಮಾಡಾಕ ಬರ್ತಿದ್ರ ಕದೀತಿದ್ರೇನವ್ವ?" ಅಂದೆ.